ಸತ್ತ ಮೇಲೆ ಸಿಕ್ಕ ಪೌರತ್ವ

ನಮ್ಮ ಆಫೀಸಿನ ಗೆಳೆಯರೊಬ್ಬರು ಜ್ಯೂರಿಕ್‌ನಲ್ಲಿ ಎರಡು ವರ್ಷದ ಪ್ರಾಜೆಕ್ಟ್ ಮುಗಿಸಿಕೊಂಡು ಹೈದರಾಬಾದಿಗೆ ವಾಪಸಾದಾಗ ಎಲ್ಲರಿಗೂ ಚಾಕೊಲೇಟ್ ತಂದರು. ನನಗೆ ಮಾತ್ರ ಒಂದು ಡಿವಿಡಿ. "ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ತು. ನೀವು ಇಂಥವೆಲ್ಲ ನೋಡ್ತೀರಲ್ಲ" ಅಂದರು. ಡಿವಿಡಿ ಹಾಕುವ ಜಾಗ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಎಲ್ಲಿದೆ? ಸಿಸ್ಟಮ್ ಅಡ್ಮಿನ್ ಹತ್ತಿರ ಹೊರಗಿನಿಂದ ಜೋಡಿಸುವ ಡ್ರೈವ್ ಬೇಡಿ ತಂದು, ಒಂದು ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಹಾಕಿ ಕೂತೆ. ತೊಂಬತ್ತು ನಿಮಿಷದ ಚಿತ್ರ. ಮುಗಿದ ಮೇಲೂ ಬಹಳ ಹೊತ್ತು ಏಳಲಾಗಲಿಲ್ಲ. ಅದಕ್ಕೆ ಚಿತ್ರ ಅರ್ಧ ಕಾರಣ. ಉಳಿದರ್ಧ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಡೆದ ಒಂದು ಮಾತುಕತೆ. ಅದನ್ನು ಆಮೇಲೆ ಹೇಳುತ್ತೇನೆ.

ಚಿತ್ರದ ಹೆಸರು 'ಹೊಸೆ ಆಂಟೋನಿಯೋ ಗುಟಿಯೆರೆಸ್‌ನ ಪುಟ್ಟ ಬದುಕು' ಅಂತ. ಸ್ವಿಟ್ಜರ್ಲೆಂಡಿನ ಹೈಡಿ ಸ್ಪೆಕೋನ್ಯಾ ಎಂಬ ನಿರ್ದೇಶಕಿ 2006ರಲ್ಲಿ ಮಾಡಿದ ಸಾಕ್ಷ್ಯಚಿತ್ರ. ಮರುವರ್ಷ ಅದಕ್ಕೆ ಸ್ವಿಸ್ ಚಲನಚಿತ್ರ ಪ್ರಶಸ್ತಿಯೂ ಬಂತು. ಕವರ್ ಮೇಲೆ ಇಂಗ್ಲಿಷ್ ಅಕ್ಷರ ನೋಡಿ ನಾನು ಮೊದಲು 'ಜೋಸ್' ಅಂತಲೇ ಓದಿಕೊಂಡಿದ್ದೆ. ಸ್ಪ್ಯಾನಿಷಿನಲ್ಲಿ ಆ ಅಕ್ಷರಕ್ಕೆ ಹಕಾರ. ಅಮೆರಿಕದ ಸೈನ್ಯದಲ್ಲಿ ಅವನನ್ನು ಎಷ್ಟು ಜನ ಸರಿಯಾಗಿ ಕರೆದಿದ್ದರೋ.

ಇರಾಕ್ ಯುದ್ಧ ಶುರುವಾಗಿದ್ದು 2003ರ ಮಾರ್ಚ್ 20ರಂದು. ಮಾರನೇ ದಿನವೇ, ಮಾರ್ಚ್ 21ರಂದು, ಉಮ್ ಕಸ್ರ್ ಬಂದರಿನ ಹತ್ತಿರ ಹೊಸೆ ಸತ್ತ. ಆ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರಲ್ಲಿ ಮೊದಲ ಕೆಲವರ ಪೈಕಿ ಅವನೊಬ್ಬ. ಮರೀನ್ ಪಡೆಯಲ್ಲಿ ಲ್ಯಾನ್ಸ್ ಕಾರ್ಪೊರಲ್. ಸಮವಸ್ತ್ರದಲ್ಲಿರುವ ಅವನ ಫೋಟೋ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ಅವನು ಅಮೆರಿಕದ ಪ್ರಜೆಯಾಗಿರಲಿಲ್ಲ. ಗ್ವಾಟೆಮಾಲಾದ ಬೀದಿಯಲ್ಲಿ ಬೆಳೆದ ಅನಾಥ. ಗ್ರೀನ್ ಕಾರ್ಡ್ ಇಟ್ಟುಕೊಂಡು ಸೈನ್ಯ ಸೇರಿದ್ದ. ಸತ್ತ ಮರುತಿಂಗಳು, ಏಪ್ರಿಲ್‌ನಲ್ಲಿ, ಅಮೆರಿಕದ ಸರ್ಕಾರ ಅವನಿಗೂ, ಅದೇ ದಿನಗಳಲ್ಲಿ ಸತ್ತ ಮೆಕ್ಸಿಕೋ ಮೂಲದ ಹೊಸೆ ಗಾರಿಬೇ ಎಂಬ ಇನ್ನೊಬ್ಬ ಮರೀನ್‌ಗೂ ಪೌರತ್ವ ಕೊಟ್ಟಿತು.

ನಮ್ಮಂಥವರಿಗೆ ಈ ಗ್ರೀನ್ ಕಾರ್ಡ್ ಅಂದರೇನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಎಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ತಿಂಗಳು ಅಮೆರಿಕದ ವೀಸಾ ಬುಲೆಟಿನ್ ಬಂದ ಕೂಡಲೇ ಅದರ ಚರ್ಚೆ. ಒಂದು ದೇಶಕ್ಕೆ ಶೇಕಡ 7ಕ್ಕಿಂತ ಹೆಚ್ಚು ಕೊಡುವಂತಿಲ್ಲ ಅನ್ನುವ ನಿಯಮದಿಂದ ಭಾರತದವರ ಸರದಿ ವರ್ಷಕ್ಕೆ ನಾಲ್ಕು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಹತ್ತು ಹನ್ನೆರಡು ವರ್ಷದಿಂದ ಕಾಯುತ್ತಿರುವ ಗೆಳೆಯರಿದ್ದಾರೆ. ಅದೇ ಕಾರ್ಡಿಗೆ ಇಂಥದ್ದೊಂದು ದಾರಿಯೂ ಇದೆ ಅಂತ ಚಿತ್ರ ನೋಡುವವರೆಗೆ ನಾನು ಯೋಚಿಸಿರಲಿಲ್ಲ.

ನಿರ್ದೇಶಕಿ ಹಿಡಿದ ದಾರಿ ಸರಳ. ಆ ಒಂದು ಫೋಟೋದಿಂದ ಹಿಂದಕ್ಕೆ ಹೋಗುತ್ತಾರೆ. ಈ ಹುಡುಗ ಯಾರು, ಎಲ್ಲಿಂದ ಬಂದ, ಯಾರ ಜೊತೆ ಉಂಡ, ಯಾರ ಜೊತೆ ಮಲಗಿದ? ಅವನ ಅಕ್ಕ ಎಂಗ್ರಾಸಿಯಾ, ಬೀದಿಯ ಹಳೇ ಜೊತೆಗಾರರು, ಆಶ್ರಯ ಕೊಟ್ಟ ಸಂಸ್ಥೆಯವರು, ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿಟ್ಟುಕೊಂಡ ಸಾಕು ಕುಟುಂಬ, ಜೊತೆಯಲ್ಲಿದ್ದ ಮರೀನ್‌ಗಳು, ಹೀಗೆ ಒಬ್ಬೊಬ್ಬರೂ ತಮಗೆ ಗೊತ್ತಿರುವ ಹೊಸೆಯನ್ನು ಹೇಳುತ್ತಾರೆ. ಇಡೀ ಹೊಸೆ ಯಾರಿಗೂ ಗೊತ್ತಿಲ್ಲ. ವೀರ ಅಂತ ಕೂಗುವ ಸಂಗೀತವಾಗಲಿ, ಅಯ್ಯೋ ಪಾಪ ಅನ್ನಿಸುವ ಪಿಟೀಲಾಗಲಿ ಈ ಚಿತ್ರಕ್ಕೆ ಬೇಕಿಲ್ಲ. ಯುದ್ಧದ ಚಿತ್ರ ಅಂದುಕೊಂಡು ಕೂತರೆ ನಿಮಗೆ ನಿರಾಸೆಯಾಗಬಹುದು, ಯುದ್ಧದ ಭಾಗ ಬಹಳ ಚಿಕ್ಕದು.

ಹೊಸೆ ಹುಟ್ಟಿ ಬೆಳೆದ ಕಾಲದ ಗ್ವಾಟೆಮಾಲಾ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಅಲ್ಲಿ 1954ರಲ್ಲಿ ಚುನಾಯಿತ ಅಧ್ಯಕ್ಷ ಹಾಕೊಬೋ ಆರ್ಬೆನ್ಸ್‌ನನ್ನು ಅಮೆರಿಕದ ಸಿಐಎ ನಿಂತು ಕೆಳಗಿಳಿಸಿತು. ದೊಡ್ಡ ಜಮೀನುಗಳನ್ನು ಬಡ ರೈತರಿಗೆ ಹಂಚಲು ಹೊರಟಿದ್ದ ಅವನು. ಬಾಳೆಹಣ್ಣಿನ ವ್ಯಾಪಾರದ ಅಮೆರಿಕನ್ ಕಂಪನಿಯೊಂದರ ಜಮೀನೂ ಅದರಲ್ಲಿತ್ತು. ಆಮೇಲೆ 1960ರಿಂದ 1996ರವರೆಗೆ, ಮೂವತ್ತಾರು ವರ್ಷ, ಒಳಯುದ್ಧ. ಸತ್ಯಶೋಧನಾ ಆಯೋಗ 1999ರಲ್ಲಿ ಕೊಟ್ಟ ವರದಿಯ ಪ್ರಕಾರ ಸತ್ತವರು ಮತ್ತು ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು. ಬಹುಪಾಲು ಮಾಯಾ ಬುಡಕಟ್ಟಿನ ಜನ. ಇದರ ನಡುವೆ 1976ರಲ್ಲಿ ಬಂದ ಭೂಕಂಪದಲ್ಲಿ ಸುಮಾರು 23,000 ಜನ ಸತ್ತರು. ಇಷ್ಟಾದ ಮೇಲೆ ರಾಜಧಾನಿಯ ಬೀದಿಗಳಲ್ಲಿ ಮಕ್ಕಳು ತುಂಬಿಕೊಂಡಿದ್ದರೆ ಆಶ್ಚರ್ಯವೇನು?

ಹೊಸೆಗೆ ಎಂಟೊಂಬತ್ತು ವರ್ಷವಾಗುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲ. ಗ್ವಾಟೆಮಾಲಾ ಸಿಟಿಯ ಬೀದಿಗೆ ಬಂದ. ಚಪ್ಪಲಿ ಅಂಟಿಸುವ ಗೋಂದನ್ನು ಮೂಸಿ ಹಸಿವು ಮರೆಯುವ ಮಕ್ಕಳ ಲೋಕ ಅದು. ಕಾಸಾ ಅಲಿಯಾನ್ಸಾ ಎಂಬ ಸಂಸ್ಥೆ ಅಂಥ ಮಕ್ಕಳಿಗೆ ಊಟ, ಹಾಸಿಗೆ, ಪಾಠ ಕೊಡುತ್ತಿತ್ತು. ಹೊಸೆ ಕೂಡ ಅದರ ಆಸರೆಯಲ್ಲಿ ಬೆಳೆದ. ಆ ಬೀದಿ ಎಂಥದ್ದು ಅಂತ ತಿಳಿಯಲು ಒಂದು ಕೋರ್ಟ್ ಕೇಸು ಸಾಕು. 1990ರ ಜೂನ್‌ನಲ್ಲಿ ಅದೇ ಊರಿನ ಐವರು ಬೀದಿ ಹುಡುಗರನ್ನು ಕೊಂದರು. ಕೊಂದವರು ಪೊಲೀಸರು. ಕಾಸಾ ಅಲಿಯಾನ್ಸಾದವರು ಬೆನ್ನುಬಿಡದೆ ಆ ಪ್ರಕರಣವನ್ನು ಅಮೆರಿಕಾ ಖಂಡಗಳ ಮಾನವ ಹಕ್ಕು ನ್ಯಾಯಾಲಯದವರೆಗೆ ಒಯ್ದರು. 1999ರಲ್ಲಿ ತೀರ್ಪು ಗ್ವಾಟೆಮಾಲಾ ಸರ್ಕಾರದ ವಿರುದ್ಧ ಬಂತು. ಹೊಸೆ ಆ ಹುಡುಗರ ಓರಗೆಯವನು. ಬದುಕಿ ಉಳಿದದ್ದೇ ಅವನ ಮೊದಲ ಸಾಹಸ.

ಉತ್ತರಕ್ಕೆ ಹೊರಟ. ಗ್ವಾಟೆಮಾಲಾ ದಾಟುವಾಗ ಸುಚಿಯಾತೆ ಎಂಬ ಹೊಳೆ ಸಿಗುತ್ತದೆ. ಲಾರಿ ಟಯರಿನ ಟ್ಯೂಬುಗಳ ಮೇಲೆ ಹಲಗೆ ಕಟ್ಟಿದ ತೆಪ್ಪದಲ್ಲಿ ಜನ ಆಚೆ ದಡ ಸೇರುತ್ತಾರೆ. ಅಲ್ಲಿಂದ ಮುಂದೆ ಮೆಕ್ಸಿಕೋದ ಗೂಡ್ಸ್ ರೈಲು. ಒಳಗೆ ಜಾಗವಿರುವುದಿಲ್ಲ, ಡಬ್ಬಿಯ ತಾರಸಿ ಮೇಲೆ ಇಲ್ಲವೇ ಎರಡು ಡಬ್ಬಿಗಳ ನಡುವಿನ ಕೊಂಡಿಯ ಮೇಲೆ ಕೂರಬೇಕು. ಆ ರೈಲಿಗೆ ಜನ ಇಟ್ಟ ಹೆಸರು 'ಲಾ ಬೆಸ್ತಿಯಾ', ಅಂದರೆ ಮೃಗ. ನಿದ್ದೆ ಬಂದರೆ ಬಿದ್ದೆ, ಬಿದ್ದರೆ ಕೈಯೋ ಕಾಲೋ ಹೋಯಿತು. ಚಿತ್ರದ ಕ್ಯಾಮೆರಾ ಈ ದಾರಿಯಲ್ಲಿ ಈಗಲೂ ಹೋಗುತ್ತಿರುವ ಹುಡುಗರ ಜೊತೆ ಸಾಗುತ್ತದೆ. ನನಗೆ ಇಡೀ ಚಿತ್ರದಲ್ಲಿ ಹೆಚ್ಚು ಕಾಡಿದ ಭಾಗ ಇದು. ಹೊಸೆ ಈ ದಾರಿಯಲ್ಲಿ ಹತ್ತಾರು ರೈಲು ಬದಲಿಸಿ, ಸಾವಿರಾರು ಕಿಲೋಮೀಟರ್ ದಾಟಿ, 1997ರ ಸುಮಾರಿಗೆ ಕ್ಯಾಲಿಫೋರ್ನಿಯಾ ತಲುಪಿದ.

ಅಲ್ಲಿ ಸಿಕ್ಕಿಬಿದ್ದಾಗ ಒಂದು ಸುಳ್ಳು ಹೇಳಿದ. ಇಪ್ಪತ್ತು ದಾಟಿದ್ದವನು ತನಗಿನ್ನೂ ಹದಿನೆಂಟು ತುಂಬಿಲ್ಲ ಅಂದ. ದೊಡ್ಡವನಾದರೆ ತಿರುಗಿ ಕಳಿಸುತ್ತಾರೆ, ದಿಕ್ಕಿಲ್ಲದ ಮಗುವಾದರೆ ಸಾಕು ಮನೆಗೆ ಹಾಕುತ್ತಾರೆ. ನಂಬಿದರು. ಲಾಸ್ ಏಂಜಲೀಸ್ ಪಕ್ಕದಲ್ಲಿ ಒಂದಾದ ಮೇಲೊಂದು ಸಾಕು ಮನೆ, ಹದಿಹರೆಯದವರ ನಡುವೆ ಹೈಸ್ಕೂಲು, ಫುಟ್‌ಬಾಲು. ಮುಂದೆ ಗ್ರೀನ್ ಕಾರ್ಡೂ ಸಿಕ್ಕಿತು. ಸತ್ತಾಗ ಅವನ ವಯಸ್ಸು ಸೈನ್ಯದ ಕಾಗದದಲ್ಲಿ 22, ನಿಜಕ್ಕೆ 28ರ ಆಸುಪಾಸು.

ಈ ಸುಳ್ಳಿನ ಬಗ್ಗೆ ಅಲ್ಲಿ ಕೆಲವರಿಗೆ ಸಿಟ್ಟು ಬಂದಿತ್ತಂತೆ. ನನಗೆ ನಗು ಬಂತು. ನಮ್ಮ ಅಪ್ಪನ ಹುಟ್ಟಿದ ದಿನ ಜೂನ್ 1. ಅವರ ಕ್ಲಾಸಿನ ಅರ್ಧ ಜನರದೂ ಜೂನ್ 1. ಕಲಬುರಗಿ ಕಡೆಯ ಆ ಶಾಲೆಯ ಹೆಡ್‌ಮಾಸ್ತರರು ಮಕ್ಕಳ ಕೈಯನ್ನು ತಲೆ ಮೇಲಿಂದ ಬಳಸಿಸಿ ಕಿವಿ ಮುಟ್ಟುತ್ತದೋ ಇಲ್ಲವೋ ನೋಡಿ ವಯಸ್ಸು ಬರೆದುಕೊಂಡವರು. ಆ ತಾರೀಖಿನ ಮೇಲೆಯೇ ಅಪ್ಪ ನೌಕರಿ ಮಾಡಿ, ಪೆನ್ಶನ್ ತೆಗೆದುಕೊಂಡು ಹೋದರು. ನಿಜವಾದ ವಯಸ್ಸು ಅಜ್ಜಿಗೆ ಮಾತ್ರ ಗೊತ್ತಿತ್ತು, ಅದೂ ಬರಗಾಲದ ಲೆಕ್ಕದಲ್ಲಿ.

ಹೊಸೆಗೆ ಆರ್ಕಿಟೆಕ್ಟ್ ಆಗಬೇಕು ಅಂತ ಆಸೆ. ಕಾಲೇಜಿಗೂ ಸೇರಿದ. ಅಕ್ಕನಿಗೆ ನೆರವಾಗಬೇಕು ಅಂತ ಇನ್ನೊಂದು ಆಸೆ. ದುಡ್ಡೆಲ್ಲಿದೆ? ಅಮೆರಿಕದ ಸೈನ್ಯ ಸೇರಿದರೆ ಸಂಬಳ ಬರುತ್ತದೆ, ಕಾಲೇಜಿನ ಖರ್ಚು ಸಿಗುತ್ತದೆ, ಪೌರತ್ವದ ದಾರಿಯೂ ಹತ್ತಿರವಾಗುತ್ತದೆ. 2002ರಲ್ಲಿ ಮರೀನ್ ಸೇರಿದ. ಅದೇ ಜುಲೈನಲ್ಲಿ ಅಧ್ಯಕ್ಷ ಬುಷ್ ಆದೇಶವೊಂದಕ್ಕೆ ಸಹಿ ಹಾಕಿದರು. 2001ರ ಸೆಪ್ಟೆಂಬರ್ 11ರಿಂದ ಈಚೆಗೆ ಸೇವೆಯಲ್ಲಿರುವ ಪರದೇಶಿ ಸೈನಿಕರು, ಶಾಂತಿಕಾಲದ ನಿಯಮದಂತೆ ಮೂರು ವರ್ಷ ಕಾಯದೆ, ಕೂಡಲೇ ಪೌರತ್ವಕ್ಕೆ ಅರ್ಜಿ ಹಾಕಬಹುದು ಅಂತ. ಆಗ ಅಮೆರಿಕದ ಪಡೆಗಳಲ್ಲಿ ಪ್ರಜೆಗಳಲ್ಲದ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಇದ್ದರು. ಇವರು ಅಧಿಕಾರಿಗಳಾಗುವಂತಿಲ್ಲ. ಬಂದೂಕು ಹಿಡಿದು ಮುಂದೆ ನಿಲ್ಲುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ.

ಹಾಗಂತ ಅವನು ಕಾಗದಕ್ಕಾಗಿ ಮಾತ್ರ ಹೋದ ಅಂದರೆ ತಪ್ಪಾದೀತು. ಈ ದೇಶ ತನಗೆ ಕೊಟ್ಟದ್ದನ್ನು ಸ್ವಲ್ಪವಾದರೂ ತೀರಿಸಬೇಕು ಅನ್ನುತ್ತಿದ್ದ ಅಂತ ಸಾಕು ಮನೆಯವರು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಇದನ್ನು ನಾನು ಸುಳ್ಳು ಅಂತ ತಳ್ಳಿಹಾಕಲಾರೆ. ಹಾಸಿಗೆ ಕೊಟ್ಟವರ ಋಣ ಬೀದಿಯಲ್ಲಿ ಮಲಗಿದವನಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರಲಾರದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಅವನನ್ನು ಬೀದಿಗೆ ತಳ್ಳಿದ ಆ ಮೂವತ್ತಾರು ವರ್ಷದ ಯುದ್ಧದ ಬೇರು ಹುಡುಕಿದರೆ ಸಿಗುವುದೂ ಅದೇ ದೇಶವೇ. ಯಾರು ಯಾರ ಋಣ ತೀರಿಸಬೇಕಿತ್ತು?

ಸತ್ತದ್ದಾದರೂ ಯಾರ ಗುಂಡಿಗೆ? ಮೊದಲು ಶತ್ರುವಿನ ಗುಂಡು ಅಂದರು. ಆಮೇಲೆ ತಿಳಿದದ್ದು, ತನ್ನದೇ ಪಡೆಯವರ ಗುಂಡು ಅಂತ. ಇದಕ್ಕೆ ಇಂಗ್ಲಿಷಿನಲ್ಲಿ 'ಫ್ರೆಂಡ್ಲಿ ಫೈರ್' ಅನ್ನುತ್ತಾರೆ. ಈ ಹೆಸರು ಹೊಳೆದ ಪುಣ್ಯಾತ್ಮ ಯಾರೋ! ಚಿತ್ರ ಈ ಸಂಗತಿಯನ್ನೂ ದನಿ ಎತ್ತರಿಸದೆ ಹೇಳಿ ಮುಂದೆ ಹೋಗುತ್ತದೆ.

ಪೌರತ್ವ ಬಂತಲ್ಲ, ಅದರಿಂದ ಏನಾಯಿತು? ಆಗಿನ ಕಾನೂನಿನ ಪ್ರಕಾರ ಏನೂ ಆಗುವಂತಿರಲಿಲ್ಲ. ಮರಣೋತ್ತರ ಪೌರತ್ವ 1990ರಿಂದಲೂ ಇತ್ತು, ಆದರೆ ಅದು ಗೌರವಕ್ಕೆ ಮಾತ್ರ. ಅದರ ಆಧಾರದ ಮೇಲೆ ಮನೆಯವರು ಏನನ್ನೂ ಕೇಳುವಂತಿರಲಿಲ್ಲ. ಲಾಸ್ ಏಂಜಲೀಸಿನ ಕಾರ್ಡಿನಲ್ ರೋಜರ್ ಮಹೋನಿ ಆಗಲೇ ಬುಷ್ ಅವರಿಗೆ ಪತ್ರ ಬರೆದು, ಪೌರತ್ವ ಗಳಿಸಲು ರಣರಂಗದಲ್ಲಿ ಸಾಯಬೇಕಾದರೆ ನಮ್ಮ ವಲಸೆ ನೀತಿಯಲ್ಲೇ ದೋಷವಿದೆ ಅನ್ನುವ ಅರ್ಥದ ಮಾತು ಹೇಳಿದ್ದರು. ಅದೇ 2003ರ ನವೆಂಬರ್‌ನಲ್ಲಿ ಕಾನೂನು ಬದಲಾಯಿತು. ಶಾಂತಿಕಾಲದ ಮೂರು ವರ್ಷ ಒಂದು ವರ್ಷವಾಯಿತು, ಸತ್ತ ಸೈನಿಕನ ಹತ್ತಿರದ ಮನೆಯವರಿಗೂ ವಲಸೆಯ ಅನುಕೂಲಗಳು ಬಂದವು. ಹೊಸೆಯ ಶವ ಮಾತ್ರ ಗ್ವಾಟೆಮಾಲಾಕ್ಕೇ ಹೋಯಿತು. ರೈಲಿನ ತಾರಸಿ ಮೇಲೆ ಬಿಟ್ಟು ಬಂದ ಊರಿಗೆ ಅಮೆರಿಕದ ಪ್ರಜೆಯಾಗಿ ಪೆಟ್ಟಿಗೆಯಲ್ಲಿ ವಾಪಸ್ ಹೋದ.

ಅವನು ಸತ್ತ ಜಾಗಕ್ಕೆ ಹತ್ತಿರದ ದೊಡ್ಡ ಊರು ಬಸ್ರಾ. ಅಲ್ಲಿ ಮೊದಲ ಮಹಾಯುದ್ಧದ ಒಂದು ಸ್ಮಾರಕವಿದೆ, ಸಮಾಧಿ ಇಲ್ಲದೆ ಹೋದ 40 ಸಾವಿರಕ್ಕೂ ಹೆಚ್ಚು ಸೈನಿಕರದ್ದು. ಅವರಲ್ಲಿ ಬಹಳಷ್ಟು ಜನ ನಮ್ಮವರು, ಬ್ರಿಟಿಷರಿಗಾಗಿ ಹೋಗಿ ಸತ್ತ ಭಾರತೀಯರು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳದ್ದು, ಪಲ್ಟನ್ನಿನ ಹೆಸರು ಬರೆದು ಎಷ್ಟು ಜನ ಅಂತ ಸಂಖ್ಯೆ ಹಾಕಿದರು. ಆ ಮರಳಿಗೆ ಪರದೇಶಿ ಸಿಪಾಯಿ ಹೊಸಬನೇನಲ್ಲ.

ಇನ್ನು ಪಾರ್ಕಿಂಗ್‌ನ ಮಾತು.

2023ರ ದೀಪಾವಳಿ ಮುಗಿದ ವಾರ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಆಳಂದದ ಕಡೆಯವನು. ನಾನು ಕಲಬುರಗಿಯವನು ಅಂತ ಗೊತ್ತಾದ ದಿನದಿಂದ ನನ್ನ ಹತ್ತಿರ ಕನ್ನಡವೇ. ಅವತ್ತು ತನ್ನ ಹೆಂಡತಿಯ ತಮ್ಮನನ್ನು ಕರೆದುಕೊಂಡು ಬಂದ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, ಐಟಿಐ ಆಗಿದೆ. ಫೋನು ಮುಂದೆ ಹಿಡಿದ.

"ಅಣ್ಣಾರ, ಇದೊಂದು ಕಾಗದ ನೋಡ್ರಿ. ರಷ್ಯಾದಾಗ ಸೆಕ್ಯೂರಿಟಿ ಹೆಲ್ಪರ್ ಕೆಲಸ ಅಂತ ಏಜೆಂಟ್ ಕಳಿಸ್ಯಾನ. ಬರೋಬರಿ ಅದ ಏನ್ರಿ?"

ನಾನು ಆಫೀಸಿಗೆ ಹೊರಟಿದ್ದೆ. ಕಾರಿನ ಬಾಗಿಲು ತೆಗೆದಿತ್ತು. ನಾಲ್ಕು ಪುಟದ ಪಿಡಿಎಫ್, ಅರ್ಧ ರಷ್ಯನ್, ಅರ್ಧ ಇಂಗ್ಲಿಷ್. ಮೊದಲ ಪುಟ ನೋಡಿದೆ. ಸಂಬಳ ಇತ್ತು, ಮುದ್ರೆ ಇತ್ತು. "ಕಂಪನಿ ಖರೇ ಇದ್ರ ಹೋಗಪಾ. ಇನ್ನೊಮ್ಮೆ ವಿಚಾರಿಸು" ಅಂದು ಗಾಡಿ ತೆಗೆದೆ. ಒಂದೂವರೆ ನಿಮಿಷವೂ ಕೊಟ್ಟಿರಲಿಲ್ಲ.

ಹುಡುಗ ಹೋಗಲಿಲ್ಲ. ನನ್ನ ಬುದ್ಧಿಮಾತಿನಿಂದಲ್ಲ, ಏಜೆಂಟ್ ಕೇಳಿದ ಮೂರು ಲಕ್ಷ ಹೊಂದಿಸಲಾಗದೆ. 2024ರ ಫೆಬ್ರವರಿಯಲ್ಲಿ ಸುದ್ದಿ ಒಡೆಯಿತು. ಇಂಥದೇ ಕೆಲಸದ ಆಸೆಗೆ ಹೋದವರನ್ನು ರಷ್ಯಾದ ಸೈನ್ಯಕ್ಕೆ ಸೇರಿಸಿ ಉಕ್ರೇನಿನ ಗಡಿಗೆ ಕಳಿಸಿದ್ದಾರೆ, ಅದರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಮೂವರೂ ಇದ್ದಾರೆ ಅಂತ. ಮಾರ್ಚ್‌ನಲ್ಲಿ ಇದೇ ಹೈದರಾಬಾದಿನ ಒಬ್ಬ ಯುವಕ ಅಲ್ಲಿ ಸತ್ತದ್ದು ಖಚಿತವಾಯಿತು. ಕಲಬುರಗಿಯ ಹುಡುಗರು ಸೆಪ್ಟೆಂಬರ್‌ನಲ್ಲಿ ಜೀವಂತ ಊರು ಸೇರಿದರು. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕ ಹೀಗಿತ್ತು: ರಷ್ಯಾದ ಸೈನ್ಯಕ್ಕೆ ಸೇರಿದ ಭಾರತೀಯರು 126, ವಾಪಸ್ ಬಂದವರು 96, ಸತ್ತವರು 12, ಕಾಣೆಯಾದವರು 16.

ಹೊಸೆಯ ಕಥೆಯೂ ಇವರ ಕಥೆಯೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅವನು ತಿಳಿದು ಸೇರಿದ, ಇವರಿಗೆ ಮೋಸವಾಯಿತು. ಆದರೆ 2024ರ ಜನವರಿಯಲ್ಲೇ ಪುಟಿನ್ ಕೂಡ ಒಂದು ಆದೇಶ ಹೊರಡಿಸಿದ್ದರು. ತಮ್ಮ ಸೈನ್ಯದ ಕರಾರಿಗೆ ಸಹಿ ಹಾಕುವ ಪರದೇಶಿಗಳಿಗೂ ಅವರ ಮನೆಯವರಿಗೂ ಬೇಗ ಪೌರತ್ವ ಕೊಡುವುದಾಗಿ. ಬುಷ್ ಆದೇಶವನ್ನೂ ಇದನ್ನೂ ಪಕ್ಕದಲ್ಲಿಟ್ಟು ಓದಿದರೆ ಸಾಲುಗಳು ಅಷ್ಟೇನೂ ಬೇರೆಯಲ್ಲ.

ಚಿತ್ರ ಮುಗಿದ ರಾತ್ರಿ ಕಣ್ಣ ಮುಂದೆ ಬಂದದ್ದು ಉಮ್ ಕಸ್ರ್ ಅಲ್ಲ, ಆ ಪಿಡಿಎಫ್‌ನ ಉಳಿದ ಮೂರು ಪುಟ. ನಮ್ಮ ಊರಿನ ಕಡೆಯ ಎಷ್ಟು ಜನ ಹೀಗೆ ಕಾಗದ ತಂದು ನಮ್ಮ ಮುಂದೆ ಹಿಡಿಯುತ್ತಾರೆ ನೋಡಿ. ಬ್ಯಾಂಕಿನದ್ದು, ಆಸ್ಪತ್ರೆಯದ್ದು, ಕೋರ್ಟಿನದ್ದು. ಇಂಗ್ಲಿಷ್ ಬಲ್ಲ ನಮ್ಮೂರಿನವ ಒಬ್ಬ ಇದ್ದಾನೆ ಅನ್ನುವ ಒಂದೇ ಧೈರ್ಯ ಅವರಿಗೆ. ನಿಮ್ಮ ಹತ್ತಿರವೂ ಬಂದಿರುತ್ತಾರೆ, ಪುಣೆಯಲ್ಲೋ ಮುಂಬೈಯಲ್ಲೋ, ಲಿಫ್ಟ್ ಹತ್ತಿರವೋ ಗೇಟಿನ ಹತ್ತಿರವೋ.

ಆ ಹುಡುಗ ಈಗ ಮಿಯಾಪುರದ ಕಡೆ ಬೈಕ್ ಮೇಲೆ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಅವನ ಮೆಸೇಜ್ ಬಂತು. ಬೇರೆ ಏಜೆಂಟ್, ಬೇರೆ ದೇಶ, ಗೋದಾಮಿನ ಕೆಲಸ, ಆರು ಪುಟ. "ಪುರಸೊತ್ತು ಇದ್ದಾಗ ನೋಡ್ರಿ ಅಣ್ಣಾರ" ಅಂತ ಕೆಳಗೆ ಬರೆದಿದ್ದ. ಲ್ಯಾಪ್‌ಟಾಪ್ ತೆಗೆದು ಆರೂ ಪುಟ ಓದಿದೆ. ನಾಲ್ಕನೇ ಪುಟದಲ್ಲಿ ಕೆಲಸದ ಜಾಗ ಅಂತ ಇರುವ ಕಡೆ ಗೆರೆ ಎಳೆದು ಖಾಲಿ ಬಿಟ್ಟಿದ್ದರು. ಐದನೆಯದರಲ್ಲಿ, ಕಂಪನಿ ಬಯಸಿದರೆ ಕೆಲಸದ ಸ್ವರೂಪ ಬದಲಿಸಬಹುದು ಅಂತ ಒಂದು ಸಾಲು.

ಫೋನ್ ಮಾಡಿದೆ. ಯಾರದೋ ಮನೆ ಬಾಗಿಲಲ್ಲಿ ನಿಂತಿದ್ದನೇನೋ, ಹಿಂದೆ ಕಾಲಿಂಗ್ ಬೆಲ್ ಕೇಳಿಸಿತು. "ಎರಡು ಮಿನಿಟ್ ನಿಲ್ರಿ ಅಣ್ಣಾರ, ಈ ಪಾರ್ಸೆಲ್ ಕೊಟ್ಟು ಬರ್ತೀನಿ" ಅಂದ. ಫೋನ್ ಇಡದೆ ಕಾದೆ.